ಹದಿನೇಳನೇ ವಾರದ ಟೈರು

ಪಕ್ಕೆಗೆ ಚಾಕು ಒತ್ತಿತ್ತು.

ನನಗೆ ಚಾಕುವಿನ ಭಯ ಇರಲಿಲ್ಲ. ಭಯವಿದ್ದದ್ದು ಟೈರಿನದು.

ಗಾಡಿ ಇಳಿಜಾರಿನಲ್ಲಿ ಎಂಬತ್ತರ ವೇಗದಲ್ಲಿ ಇಳಿಯುತ್ತಿತ್ತು. ಎಡಕ್ಕೆ ಬಂಡೆ. ಬಲಕ್ಕೆ ಏನೂ ಇಲ್ಲ... ಅಂದರೆ ಇನ್ನೂರು ಅಡಿ ಗಾಳಿ, ಅದರ ಕೆಳಗೆ ಹೊಳೆ. ನಮ್ಮ ದೇಶದಲ್ಲಿ ಸ್ಟೇರಿಂಗ್ ಇರುವುದು ಎಡಗಡೆ. ಬಲಗಡೆ ಮುಂದಿನ ಸೀಟಿನಲ್ಲಿ ಕೂತಿದ್ದವಳು ನಾನು.

"ರೂಬೆರ್, ಸ್ವಲ್ಪ ನಿಧಾನಕ್ಕೆ ಹೋಗಪ್ಪ," ಎಂದೆ.

"ಯಾಕ್ ಮೇಡಂ, ಹೆದ್ರಿಕೆನಾ?"

"ಹೂಂ."

ಓಡಿಸುತ್ತಿದ್ದ ರೂಬೆರ್ ನಕ್ಕ. ಹಿಂದಿನ ಸೀಟಿನಲ್ಲಿದ್ದ ಅವನ ಮಾವ ಗ್ಲಿಸೇರಿಯೊ ಕೂಡ ನಕ್ಕ. ಚಾಕು ಅವನ ಕೈಯಲ್ಲಿತ್ತು. ಅಡುಗೆಮನೆಯ ಚಾಕುವಲ್ಲ. ಸವೆದ ಟೈರಿಗೆ ಹೊಸದಾಗಿ ಗೀರು ಕೊರೆಯುವ ಬಾಗಿದ ಅಲಗು. ರಬ್ಬರನ್ನೇ ಕೊರೆಯುವ ಅಲಗಿಗೆ ನನ್ನ ಪಕ್ಕೆ ಯಾವ ಲೆಕ್ಕ?

"ನನ್ನನ್ನ ಎಲ್ಲಿ ತಳ್ಬೇಕು ಅಂತಿದೀರೋ ಅಲ್ಲೇ ತಳ್ಳಿ," ಎಂದೆ. "ಆದ್ರೆ ಈ ವೇಗದಲ್ಲಿ ಹೋದ್ರೆ ಅಲ್ಲೀವರೆಗೂ ತಲುಪಲ್ಲ. ಮೂರು ಜನಾನೂ ಒಟ್ಟಿಗೇ ಹೋಗ್ತೀವಿ. ಬಲಗಡೆ ಮುಂದಿನ ಟೈರು ಸತ್ತಿದೆ."

"ನನ್ನ ಟೈರಾ?" ಗ್ಲಿಸೇರಿಯೊಗೆ ನಿಜವಾಗಿಯೂ ನೋವಾಯಿತು. "ತಂಗೀ, ಏಳು ಮಿಲಿಮೀಟರ್ ಗೀರಿದೆ ಅದಕ್ಕೆ. ಬೆಳಿಗ್ಗೆ ತಾನೇ ತಪಾಸಣೆ ಕೇಂದ್ರದವರು ಅಳೆದು ಸೀಲು ಒತ್ತಿದಾರೆ."

"ಅದನ್ನೇ ಹೇಳ್ತಿರೋದು ನಾನು."

ಇಬ್ಬರೂ ನಂಬಲಿಲ್ಲ. ನಾನು ಜೀವಮಾನವೆಲ್ಲ ಯಾರನ್ನೂ ನಂಬಿದವಳಲ್ಲ. ಈಗ ನನ್ನ ಸರದಿ!

ಇಲ್ಲಿಗೆ ಹೇಗೆ ಬಂದೆ ಅಂತ ಕೇಳುತ್ತೀರಿ. ಹೇಳುತ್ತೇನೆ. ಎಲ್ಲಾ ಒಂದೇ ಬೆಳಿಗ್ಗೆಯ ಕಥೆ.

ನನ್ನ ಹೆಸರು ನೆಲಿದಾ. ವಯಸ್ಸು ಐವತ್ನಾಲ್ಕು. ಇಪ್ಪತ್ತಾರು ವರ್ಷ ಟ್ರಾಫಿಕ್ ಪೊಲೀಸಿನಲ್ಲಿದ್ದೆ. ಈಗ ಬೆಟ್ಟದ ಮೇಲಿನ ನಮ್ಮೂರು ತಾರ್ಮಾದ ಟ್ಯಾಕ್ಸಿಯವರ ಅಪಘಾತ ನಿಧಿಗೆ ತನಿಖೆ ಮಾಡಿಕೊಡುತ್ತೇನೆ. ಗಾಡಿ ಬಿದ್ದರೆ ಯಾಕೆ ಬಿತ್ತು ಅಂತ ಬರೆದುಕೊಡುವುದು ನನ್ನ ಕೆಲಸ. ಗಂಡ ಇಲ್ಲ. ಒಂದು ನಾಯಿ ಇದೆ. ನಾಯಿಯನ್ನೂ ಪೂರ್ತಿ ನಂಬುವುದಿಲ್ಲ.

ಮೂರು ವಾರದ ಹಿಂದೆ ಸೋಸಿಮೊ ಎಂಬವನ ಶೇರ್ ಟ್ಯಾಕ್ಸಿ ಕಾರ್ಪಪಾತಾ ತಿರುವಿನಲ್ಲಿ ಹೊಳೆಗೆ ಬಿತ್ತು. ತಾರ್ಮಾದಿಂದ ಲಾ ಮೆರ್ಸೆದ್‌ಗೆ ಇಳಿಯುವ ದಾರಿ. ಮೇಲೆ ಸ್ವೆಟರ್ ಹಾಕಿಕೊಂಡು ಹತ್ತಿದವರು ಕೆಳಗೆ ಬೆವರು ಒರೆಸಿಕೊಂಡು ಇಳಿಯುತ್ತಾರೆ, ಅಂಥ ದಾರಿ. ಗಾಡಿಯಲ್ಲಿ ಸೋಸಿಮೊ, ಜೊತೆಗೆ ಐದು ಜನ. ಎಲ್ಲರೂ ಕೈಕಾಲು ಮುರಿದುಕೊಂಡು ಬದುಕಿದರು. ಫ್ಲೋರಿಸಾ ಟೀಚರ್ ಒಬ್ಬರು ಬದುಕಲಿಲ್ಲ.

ಪೊಲೀಸರು ಗಾಡಿ ನೋಡಿದರು. ನಾಲ್ಕೂ ಟೈರು ಬೋಳು. ಗೀರಿನ ಆಳ ಅರ್ಧ ಮಿಲಿಮೀಟರ್. ಕಾನೂನು ಕೇಳುವುದು ಒಂದು ಪಾಯಿಂಟ್ ಆರು. ಗೀರಿನ ತಳದಲ್ಲಿ ಪುಟ್ಟ ದಿಬ್ಬಗಳಿರುತ್ತವಲ್ಲ, ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತು ಅಂತ ಲೆಕ್ಕ. ಇಲ್ಲಿ ದಿಬ್ಬವೇ ಸವೆದು ಹೋಗಿತ್ತು. ಗೊತ್ತಿದ್ದೂ ಬೋಳು ಟೈರಿನಲ್ಲಿ ಜನರನ್ನು ಕೂರಿಸಿಕೊಂಡು ಹೋಗಿ ಟೀಚರನ್ನು ಕೊಂದ ಅಂತ ಕೇಸಾಯಿತು. ಶುಕ್ರವಾರ ವಿಚಾರಣೆ. ನನ್ನ ವರದಿಯೂ ಅದನ್ನೇ ಹೇಳಿದರೆ ಸೋಸಿಮೊಗೆ ಎಂಟು ವರ್ಷ ಜೈಲು ಖಾತ್ರಿ.

ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಸೊಂಟ ಮುರಿದು ಮಲಗಿದ್ದ. ಎದ್ದು ಓಡುವ ಸ್ಥಿತಿ ಇಲ್ಲ. ಆದರೂ ಮಂಚಕ್ಕೆ ಕೈಕೋಳ ಹಾಕಿದ್ದರು.

"ಟೈರು ಬೋಳಾಗಿತ್ತಲ್ಲೋ ಸೋಸಿಮೊ."

"ಇಲ್ಲ ಮೇಡಂ. ಅವತ್ತು ಒಳ್ಳೇ ಟೈರಿತ್ತು."

"ಅವತ್ತು? ಬೇರೆ ದಿನ?"

ಕೈಕೋಳ ನೋಡಿಕೊಂಡ.

"ಯಾರ ಟೈರು?"

"ಒಳ್ಳೇ ಟೈರು."

"ಯಾರದಪ್ಪಾ ಅಂದೆ."

"ಆ ಹೆಸರು ನನ್ ಬಾಯಲ್ಲಿ ಬರಲ್ಲ ಮೇಡಂ. ಬೇಕಾದ್ರೆ ಒಳಗೆ ಹಾಕ್ಲಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಸುಳ್ಳು ಹೇಳುವವನು ಹೆಸರು ಕೊಡುತ್ತಾನೆ, ಬೇಕಿದ್ದರೆ ಮೂರು ಹೆಸರು ಕೊಡುತ್ತಾನೆ. ಇವನು ಒಂದನ್ನೂ ಕೊಡಲಿಲ್ಲ. ನನಗೆ ಮೊದಲ ಅನುಮಾನ ಬಂದದ್ದು ಅಲ್ಲಿ.

ಅಲ್ಲಿಂದ, ಬಿದ್ದ ಗಾಡಿಯನ್ನು ತಂದಿಟ್ಟಿದ್ದ ಪೊಲೀಸ್ ಅಂಗಳಕ್ಕೆ. ಕಾವಲಿಗೆ ಬಾಲ್ದೆಯೋನ್ ಅಂತ ಒಬ್ಬ ಹೊಸ ಟ್ರಾಫಿಕ್ ಪೊಲೀಸ್ ಇದ್ದ. ಬಿಸಿಲಿಗೆ ಮೈ ಕಾಯಿಸುತ್ತ ಹುರಿದ ಜೋಳ ತಿನ್ನುತ್ತಿದ್ದ.

"ನೋಡೋಕೇನಿದೆ ಮೇಡಂ ಅದ್ರಲ್ಲಿ?"

"ಏನೂ ಇಲ್ದಿದ್ರೆ ನೋಡೋಕೆ ಬಿಡು."

ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ತಪಾಸಣೆಯ ಚೀಟಿ ಸಿಕ್ಕಿತು. ಅಪಘಾತವಾದ ದಿನದ್ದೇ. ಬೆಳಿಗ್ಗೆ ಎಂಟು ನಲವತ್ತು. ನಾಲ್ಕೂ ಟೈರಿನ ಆಳ ಏಳು ಮಿಲಿಮೀಟರ್. ಗಾಡಿ ಬಿದ್ದದ್ದು ಹತ್ತೂವರೆಗೆ.

"ಎರಡು ಗಂಟೇಲಿ ಆರೂವರೆ ಮಿಲಿಮೀಟರ್ ಸವೀತಾ ಬಾಲ್ದೆಯೋನ್?"

"ಅದರಲ್ಲೇನು ಮೇಡಂ? ಬಾಡಿಗೆ ಟೈರು ಹಾಕಿ ಪಾಸ್ ಮಾಡಿಸ್ದ. ವಾಪಸ್ ಕೊಟ್ಟ. ತನ್ನ ಬೋಳು ಟೈರು ಹಾಕ್ಕೊಂಡು ಹೊರಟ. ಊರೇ ಮಾಡೋದು ಇದನ್ನ."

ನಿಜ. ತಪಾಸಣೆ ಕೇಂದ್ರದ ಎದುರಿಗೇ ಐದು ಟೈರ್ ಅಂಗಡಿಗಳಿವೆ. ಬೋರ್ಡಿನಲ್ಲಿ ಪಂಕ್ಚರ್ ಅಂತ ಬರೆದಿದೆ. ಒಳಗೆ ನಡೆಯುವುದು ಗಂಟೆ ಲೆಕ್ಕದ ಬಾಡಿಗೆ. ನಿಮ್ಮ ಬೋಳು ಟೈರು ಬಿಚ್ಚಿಡಿ, ಅವರ ಒಳ್ಳೆಯ ಟೈರು ಹಾಕಿ, ರಸ್ತೆ ದಾಟಿ ಪಾಸಾಗಿ, ವಾಪಸ್ ಬಂದು ಬದಲಾಯಿಸಿಕೊಳ್ಳಿ. ಯೂನಿಫಾರ್ಮಿನಲ್ಲಿದ್ದಾಗ ನಾನೂ ನೋಡಿಯೂ ನೋಡದ ಹಾಗೆ ದಾಟಿ ಹೋಗಿದ್ದೇನೆ. ಅದು ನನಗೆ ಈಗಲೂ ಚುಚ್ಚುತ್ತದೆ.

ಬಾಲ್ದೆಯೋನ್ ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಸಹಿ ಹಾಕಿ ಹೊರಡಬಹುದಿತ್ತು...

ಹೊರಡುವ ಮೊದಲು ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ನೋಡಿದೆ.

ಗಾಡಿ ಇನ್ನೂರು ಅಡಿ ಉರುಳಿದೆ. ಛಾವಣಿ ಚಪ್ಪಟೆ. ಆಕ್ಸಲ್ ಸೊಟ್ಟ. ರಿಮ್ಮುಗಳು ಮಾತ್ರ ದುಂಡಗೆ ಕೂತಿವೆ! ಒಂದು ತರಚು ಗಾಯವೂ ಇಲ್ಲ. ನಾಲ್ಕೂ ಟೈರಿನಲ್ಲಿ ಗಾಳಿ ಭರ್ತಿ. ಗಾಡಿಯ ಹೊಟ್ಟೆಯ ತುಂಬ ಹೊಳೆಯ ಕೆಸರು ಒಣಗಿ ಗಟ್ಟಿಯಾಗಿದೆ. ಟೈರಿನ ಒಳಮಗ್ಗುಲಿಗೆ ಒಂದು ಚಿಟಿಕೆಯೂ ಹತ್ತಿಲ್ಲ.

"ಕ್ರೇನ್ ಬಂದಿದ್ದು ಯಾವಾಗ?" ಎಂದೆ.

"ಎರಡು ದಿನ ಆದ್ಮೇಲೆ."

"ಅಲ್ಲೀವರೆಗೆ ಕಾವಲು?"

"ಹೊಳೆ ಒಳಗೆ ಬಿದ್ದ ಗುಜರಿಗೆ ಕಾವಲಾ ಮೇಡಂ?"

ಅಲ್ಲಿಗೆ ಗೊತ್ತಾಯಿತು. ಈ ಚಕ್ರಗಳು ಗಾಡಿಯ ಜೊತೆ ಉರುಳಿದವಲ್ಲ. ಆಮೇಲೆ ಯಾರೋ ಇಳಿದು ಹೋಗಿ ಹಾಕಿದ್ದು.

ಬೋಳು ಟೈರನ್ನು ಯಾರಾದರೂ ಕದಿಯಬಹುದು. ಬೋಳು ಟೈರನ್ನು ತಂದು ಹಾಕಿ ಹೋಗುವ ಕಳ್ಳ ಯಾರು?

ಗೇಟಿನ ಹತ್ತಿರ ಸೋಸಿಮೊನ ಹೆಂಡತಿ ಎರ್ಮೆಲಿಂದಾ ಕಾಯುತ್ತಿದ್ದಳು. ಬೆನ್ನಿಗೆ ಕಟ್ಟಿಕೊಂಡಿದ್ದ ಬಟ್ಟೆಯ ಗಂಟನ್ನು ಇಳಿಸಿ ಬಿಚ್ಚಿದಳು. ಒಳಗೆ ಅಂಗೈ ಉದ್ದದ ರಬ್ಬರಿನ ಚೂರು.

"ಟೀಚರ್ ಹೆಸರಲ್ಲಿ ಶಿಲುಬೆ ನೆಡೋಕೆ ಹೋಗಿದ್ದೆ ಅಕ್ಕಾ, ಆ ತಿರುವಿಗೆ. ಕಲ್ಲಿನ ಸಂದೀಲಿ ಸಿಕ್ತು."

"ಪೊಲೀಸ್ರಿಗೆ ಕೊಡ್ಬೇಕಿತ್ತು."

"ಕೊಟ್ಟೆ. ರಸ್ತೆ ತುಂಬಾ ಇಂಥಾ ಚೂರು ಇರುತ್ತೆ, ಮನೆಗೆ ಹೋಗಮ್ಮ ಅಂದ್ರು."

ನಾನು ಅವಳನ್ನೂ ಅನುಮಾನಿಸಿದೆ. ಗಂಡನನ್ನು ಉಳಿಸಿಕೊಳ್ಳಲು ಹೆಂಡತಿ ಗುಜರಿಯಿಂದ ಒಂದು ಚೂರು ತರಲಾರಳೇ? ಮೂಸಿ ನೋಡಿದೆ. ಹೊಳೆಯ ವಾಸನೆ. ಬಿರುಕಿನೊಳಗೆ ಮರಳು ಕೂತಿತ್ತು. ಬಗ್ಗಿಸಿದೆ. ರಬ್ಬರು ಬಗ್ಗಬೇಕು. ಇದು ಒಣ ಬ್ರೆಡ್ಡಿನ ಹಾಗೆ ಮುರಿಯಿತು. ಆದರೆ ಗೀರು ಆಳವಾಗಿತ್ತು, ಅಂಚು ಚೂಪಾಗಿತ್ತು. ಸವೆತವೇ ಇಲ್ಲ.

ಮಗ್ಗುಲಲ್ಲಿ ನಾಲ್ಕು ಅಂಕಿ. ಒಂದು, ಏಳು, ಒಂದು, ಎರಡು.

ಟೈರಿನ ಜಾತಕ ಅಲ್ಲೇ ಇರುತ್ತದೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಎರಡು ಸಾವಿರದ ಹನ್ನೆರಡನೇ ಇಸವಿಯ ಹದಿನೇಳನೇ ವಾರದಲ್ಲಿ ಹುಟ್ಟಿದ ಟೈರು. ಹನ್ನೊಂದು ವರ್ಷ ಹಳೆಯದು! ಐದಾರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ದಾಟಿದರೆ ಗೀರು ಎಷ್ಟೇ ಇರಲಿ, ಎಸೆಯಬೇಕು. ಇಷ್ಟು ಹಳೆಯ ಟೈರು ಇಷ್ಟು ಹೊಸದಾಗಿ ಉಳಿಯುವುದು ಹೇಗೆ? ಅದೇ ನನ್ನ ತಲೆ ತಿನ್ನತೊಡಗಿತು.

"ನಿನ್ ಗಂಡ ಯಾರಿಗೆ ಹೆದರ್ತಿದಾನೆ?" ಎಂದೆ.

"ಹೆದರಿಕೆ ಅಲ್ಲ ಅಕ್ಕಾ." ಅವಳು ನೆಲ ನೋಡಿದಳು.

"ಮತ್ತೆ?"

"ನಾನೂ ಹೇಳೋ ಹಾಗಿಲ್ಲ. ನಮ್ಮ ಮಗಳಿಗೆ ದೀಕ್ಷಾಸ್ನಾನ ಆಗಿದ್ದು ಇಲ್ಲೇ, ದೊಡ್ಡ ಚರ್ಚಲ್ಲಿ. ಅವಳ ಧರ್ಮಪಿತ ಯಾರು ಅಂತ ರಿಜಿಸ್ಟರಲ್ಲಿ ಬರೆದಿದೆ. ಯಾರು ಬೇಕಾದ್ರೂ ಓದಬಹುದು."

ಜಾಣೆ. ಹೇಳಲೂ ಇಲ್ಲ, ಬಿಡಲೂ ಇಲ್ಲ. ದೀಕ್ಷಾಸ್ನಾನದ ದಿನ ಮಗುವಿಗೆ ಎರಡನೇ ತಂದೆಯಾಗಿ ನಿಲ್ಲುವವನು ಧರ್ಮಪಿತ. ಅವನ ಮೇಲೆ ದೂರು ಹೇಳುವುದು ನಮ್ಮಲ್ಲಿ ಒಡಹುಟ್ಟಿದವನ ಮೇಲೆ ಹೇಳಿದ್ದಕ್ಕಿಂತ ಕಡೆ.

ಚರ್ಚಿಗೆ ಹೋಗಿ ಓದಿದೆ. ಗ್ಲಿಸೇರಿಯೊ. ಉದ್ಯೋಗ: ಟೈರ್ ಅಂಗಡಿ.

ಅಂಗಡಿಗೆ ಒಬ್ಬಳೇ ಹೋದೆ. ತಪ್ಪು ಮಾಡಿದೆ. ಗೊತ್ತು.

ಗೋಡೆಯ ಮೇಲೆ, ನಮ್ಮ ಸೀಮೆಯವರೆಲ್ಲ ಹರಕೆ ಹೊರುವ, ಶಿಲುಬೆಯ ಮೇಲಿನ ಮುರುವಾಯ್ ಪ್ರಭುವಿನ ದೊಡ್ಡ ಪಟ. ಮುಂದೆ ಮೇಣದ ಬತ್ತಿ, ಹೂವು. ಪಟದ ಕೆಳಗೆ ಸಾಲಾಗಿ ಎಂಟು ಕೊಕ್ಕೆ. ಎಂಟೂ ಖಾಲಿ. ಬಾಗಿಲಲ್ಲಿ ರೂಬೆರ್‌ನ ಗಾಡಿ ನಿಂತಿತ್ತು, ಆಗ ತಾನೇ ತಪಾಸಣೆ ಮುಗಿಸಿಕೊಂಡು ಬಂದದ್ದು. ಅದರ ನಾಲ್ಕೂ ಟೈರು ಕಪ್ಪಗೆ ಮಿಂಚುತ್ತಿದ್ದವು.

ಗ್ಲಿಸೇರಿಯೊಗೆ ಅರವತ್ತೈದು ದಾಟಿದೆ. ಕೆನ್ನೆಯಲ್ಲಿ, ಎಲೆಅಡಿಕೆಯ ಹಾಗೆ ಜಗಿಯುವ ಕೋಕಾ ಎಲೆಯ ಉಂಡೆ. ನನ್ನನ್ನು ನೋಡಿ ಕುರ್ಚಿ ಒರೆಸಿ ಕೊಟ್ಟ.

"ಬಾ ತಂಗೀ. ಏನಾಗ್ಬೇಕಿತ್ತು?"

"ನನ್ನ ಹಳೇ ಗಾಡಿಗೆ ತಪಾಸಣೆ ಇದೆ ಯಜಮಾನ್ರೇ. ಒಂದು ಗಂಟೆಗೆ ಒಂದು ಸೆಟ್ ಟೈರು ಬೇಕಿತ್ತು."

"ನೀನೂನಾ?" ನಕ್ಕ. "ಪೊಲೀಸಮ್ಮನೂ ಬಂದ್ಬಿಟ್ಟಳು ನೋಡಪ್ಪಾ ರೂಬೆರ್."

"ಇವು ಚೆನ್ನಾಗಿವೆ." ಗಾಡಿಯ ಟೈರನ್ನು ತೋರಿಸಿದೆ.

ಅಷ್ಟು ಸಾಕಾಯಿತು. ಮುದುಕನಿಗೆ ಹೆಮ್ಮೆ ಉಕ್ಕಿತು. ಹನ್ನೊಂದು ವರ್ಷದ ಹಿಂದೆ ಎರಡು ಹೊಸ ಟ್ಯಾಕ್ಸಿ ತಗೊಂಡಿದ್ದನಂತೆ. ಮುರುವಾಯ್ ಗುಡಿಗೆ ಒಯ್ದು ಪಾದ್ರಿಯಿಂದ ಮಂತ್ರದ ನೀರು ಹಾಕಿಸಿದನಂತೆ. ಗಾಡಿಗಳಿಗೆ ಧರ್ಮಪಿತನಾಗಿ ನಿಂತವನು ಲಿಮಾದ ದೊಡ್ಡ ವ್ಯಾಪಾರಿ. ಉಡುಗೊರೆ ಕೊಟ್ಟದ್ದು ಎಂಟು ಟೈರು.

"ಅಂಥಾ ಮನುಷ್ಯ ಕೊಟ್ಟಿದ್ದನ್ನ ರಸ್ತೇಲಿ ಸವೆಸೋದುಂಟಾ ತಂಗೀ? ಟ್ಯಾಕ್ಸಿ ಎರಡೂ ಮಾರಿದೆ. ಟೈರು ಮಾರ್ಲಿಲ್ಲ. ಪ್ರಭುವಿನ ಕಣ್ಣೆದುರಿಗೇ ತೂಗುಹಾಕಿದೀನಿ."

"ಬಾಡಿಗೆಗೆ ಕೊಡ್ತೀರಲ್ಲ?"

"ರಸ್ತೆ ಆಚೆ ಹೋಗಿ ಈಚೆ ಬರೋಕೆ. ನಾನೂರು ಹೆಜ್ಜೆ ಅಷ್ಟೇ. ಮಾರಿದ್ರೆ ಪಾಪ. ಬಡವರಿಗೆ ಒಂದು ಗಂಟೆ ಕೊಟ್ರೆ ಪುಣ್ಯ."

ಕೇಳಿದಿರಲ್ಲ? ಹನ್ನೊಂದು ವರ್ಷದಲ್ಲಿ ಆ ಟೈರುಗಳು ರಸ್ತೆ ದಾಟಿದ್ದು ಬಿಟ್ಟರೆ ಬೇರೇನೂ ಕಂಡಿಲ್ಲ. ಸವೆಯುವುದು ಹೇಗೆ? ಆದರೆ ರಬ್ಬರಿಗೆ ಭಕ್ತಿ ಗೊತ್ತಿಲ್ಲ. ಓಡಿಸಲಿ ಬಿಡಲಿ, ಅದಕ್ಕೆ ವಯಸ್ಸಾಗುತ್ತದೆ.

ಬಗ್ಗಿ ಬಲಗಡೆ ಮುಂದಿನ ಟೈರಿನ ಗೀರಿನೊಳಗೆ ಉಗುರು ಹಾಕಿ ಕೆರೆದೆ. ಉಗುರಿಗೆ ಕಪ್ಪು ಹತ್ತಿತು. ಶೂ ಪಾಲಿಶ್! ಅದರ ಕೆಳಗೆ ಕೂದಲೆಳೆಯಂಥ ಬಿರುಕು, ಗೀರಿನ ಉದ್ದಕ್ಕೂ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ. ಕಪ್ಪಗಿರುವುದೆಲ್ಲ ಹೊಸ ಟೈರೂ ಅಲ್ಲ.

ಮಗ್ಗುಲಲ್ಲಿ ಅದೇ ನಾಲ್ಕು ಅಂಕಿ. ಒಂದು, ಏಳು, ಒಂದು, ಎರಡು.

ಬಾಯಿ ಮುಚ್ಚಿಕೊಂಡು ಎದ್ದು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬಂದಿತ್ತು.

"ಕೊಕ್ಕೆ ಎಂಟಿದೆ," ಎಂದೆ. "ಟೈರು ನಾಲ್ಕೇ ಇದೆ. ಮಿಕ್ಕಿದ್ದು ಎಲ್ಲಿ ಯಜಮಾನ್ರೇ?"

"ಯಾಕೆ? ಸೋಸಿಮೊ ಏನಾದ್ರೂ ಅಂದ್ನಾ?"

ನಾನು ಸೋಸಿಮೊನ ಹೆಸರೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

ಅವನಿಗೂ ಅದು ಹೊಳೆಯಿತು. ಕೋಕಾ ಉಂಡೆಯನ್ನು ಉಗುಳಿದ. ಹಿಂದಿನಿಂದ ಷಟರ್ ಇಳಿಯುವ ಸದ್ದು... ಬಾಗಿದ ಅಲಗು ಪಕ್ಕೆಗೆ ಬಂತು.

"ಆ ತಿರುವು ನೋಡ್ಬೇಕು ಅಂತ ತನಿಖೆಯೋಳು ಹೋದ್ಲಂತೆ," ಅಂದ ರೂಬೆರ್ ನಿಧಾನಕ್ಕೆ. "ಕಾಲು ಜಾರಿತಂತೆ. ಪಾಪ."

ಹೀಗೆ ನಾನು ಆ ಗಾಡಿ ಹತ್ತಿದ್ದು.

ಈಗ ಮತ್ತೆ ಇಳಿಜಾರಿಗೆ ಬನ್ನಿ. ಚಳಿ ಮೇಲೆ ಉಳಿದಿತ್ತು. ಕೆಳಗಿನಿಂದ ಕಣಿವೆಯ ಸೆಕೆ ಏರುತ್ತಿತ್ತು. ಬಿಸಿ ರಸ್ತೆ, ಜೋರು ವೇಗ, ಹಳೆಯ ರಬ್ಬರು. ನನ್ನ ಬಲಗಾಲು ತಾನಾಗಿ ಬ್ರೇಕ್ ಹುಡುಕುತ್ತಿತ್ತು. ಅಲ್ಲಿ ಬ್ರೇಕ್ ಇರಲಿಲ್ಲ.

"ಆ ಬೋಳು ಟೈರು ನೀವೇ ಹಾಕಿದ್ದಲ್ವಾ?" ಎಂದೆ. ಮಾತಾಡಿಸುತ್ತಿದ್ದರೆ ವೇಗ ಇಳಿಸಬಹುದು ಅಂತ ಆಸೆ.

"ಅವನದೇ ಟೈರು ಅವನ ಗಾಡಿಗೆ ಹಾಕಿದೆ," ಅಂದ ಗ್ಲಿಸೇರಿಯೊ. "ತಪ್ಪೇನು? ಅವತ್ತು ತಪಾಸಣೆ ತಡ ಆಯ್ತು. ಸ್ಟ್ಯಾಂಡಲ್ಲಿ ಅವನ ಸರದಿ ಬಂದುಬಿಟ್ಟಿತ್ತು. ಒಂದು ಟ್ರಿಪ್ ಹೋಗಿ ಸಂಜೆ ಕೊಡ್ತೀನಿ ಅಂದ. ನಾನು ಧರ್ಮಪಿತನಾಗಿ ನಿಂತ ಮಗುವಿನ ತಂದೆ ಅಲ್ವಾ, ಹೂಂ ಅಂದೆ. ಅವನ ಬೋಳು ಟೈರು ನನ್ನ ಅಂಗಡೀಲೇ ಇತ್ತು. ಮಾರನೇ ದಿನ ಬೆಳಗಾಗ್ತಿದ್ದ ಹಾಗೆ ನಾನೂ ರೂಬೆರೂ ಹೊಳೆಗಿಳಿದು ಬದಲಾಯಿಸ್ಕೊಂಡು ಬಂದ್ವಿ."

"ಯಾಕೆ?"

"ಅವನು ನಿದ್ದೆಗಣ್ಣಲ್ಲಿ ಬಿದ್ದಿದ್ದಕ್ಕೆ ನನ್ನ ಟೈರಿಗೆ ಯಾಕೆ ಕೆಟ್ಟ ಹೆಸರು? ಬಾಡಿಗೆ ವಿಷಯ ಹೊರಗೆ ಬಂದ್ರೆ ನನ್ನನ್ನೂ ಒಳಗೆ ಹಾಕ್ತಿದ್ರು."

"ನಾಲ್ಕೂ ಟೈರು ಸಿಕ್ತಾ?"

"ಮೂರು. ಒಂದು ಬಂಡೆಗೆ ಬಡಿದು ಚೂರಾಗಿತ್ತು."

"ಬಂಡೆಗೆ ಬಡಿದಿದ್ದಲ್ಲ. ರಸ್ತೆ ಮೇಲೇ ಬಿಚ್ಕೊಂಡಿದ್ದು. ಅದಕ್ಕೇ ಗಾಡಿ ಬಿದ್ದಿದ್ದು."

"ಸುಳ್ಳು."

"ನನ್ನ ಬ್ಯಾಗಲ್ಲಿದೆ ಅದರ ಚೂರು. ಮುರಿದು ನೋಡಿ."

"ಸುಳ್ಳು ಅಂದೆ."

ಆಗ ಕೇಳಿಸಿತು.

ತಪ್... ತಪ್... ತಪ್...

ನನ್ನ ಪಾದದ ಕೆಳಗಿನಿಂದ.

"ಕೇಳಿಸ್ತಾ ರೂಬೆರ್?"

"ರಸ್ತೆ ಸರಿ ಇಲ್ಲ."

"ರಸ್ತೆ ಹೋದ ತಿಂಗಳು ಹಾಕಿದ್ದು. ಟೈರಿನ ಮೇಲಿನ ಪದರ ಬಿಡ್ತಾ ಇದೆ."

ತಪ್ ತಪ್ ತಪ್ ತಪ್...

ರೂಬೆರ್ ಕನ್ನಡಿಯಲ್ಲಿ ಮಾವನ ಮುಖ ನೋಡಿದ. ಮೊದಲ ಸಲ ಅವನ ಕಣ್ಣಲ್ಲಿ ಅನುಮಾನ ಕಂಡೆ. ನನ್ನ ಮೇಲಲ್ಲ.

"ಮಾವ, ಸ್ಟೇರಿಂಗ್ ನಡುಗ್ತಿದೆ."

"ಹೆದರ್ಬೇಡ. ಇವಳು ನಾಟಕ ಆಡ್ತಿದಾಳೆ."

"ಸ್ಟೇರಿಂಗೂ ನಾಟಕ ಆಡುತ್ತಾ ಮಾವ?"

ಉತ್ತರ ಬರುವ ಮೊದಲೇ ಢಮ್ ಅಂದಿತು!

ಬಾನೆಟ್ಟಿನ ಬಲಗಡೆ ಏನೋ ಕಪ್ಪಗೆ ಮೇಲೆದ್ದು ಗಾಜಿಗೆ ಅಪ್ಪಳಿಸಿ ಹೋಯಿತು. ಗಾಡಿ ಬಲಕ್ಕೆ ಎಳೆಯಿತು... ಹೊಳೆಯ ಕಡೆಗೆ. ರೂಬೆರ್‌ನ ಪಾದ ಬ್ರೇಕಿನ ಕಡೆ ಹೊರಟಿತು. ಎಲ್ಲರ ಪಾದವೂ ಹೋಗುವುದು ಅಲ್ಲಿಗೇ. ಸಾಯುವುದೂ ಅದರಿಂದಲೇ.

"ಬ್ರೇಕ್ ಮುಟ್ಬೇಡ!"

ಅಲಗಿನ ವಿಷಯ ಮರೆತೆ. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಎಡಕ್ಕೆ ತೂಗಿಬಿದ್ದೆ. ಬೂಟುಗಾಲಿನಿಂದ ಅವನ ಮೊಣಕಾಲಿಗೆ ಒದ್ದೆ. ಪಕ್ಕೆಯಲ್ಲಿ ಬೆಂಕಿ ಇಟ್ಟಂತಾಯಿತು. ಅಲಗು ಕೋಟನ್ನೂ ಕೊರೆದಿತ್ತು, ನನ್ನನ್ನೂ ಕೊರೆದಿತ್ತು.

"ಕಾಲು ತೆಗಿ... ಗೇರ್ ಇಳ್ಸು... ಇಳ್ಸೋ!"

ಇಳಿಸಿದ. ದೇವರು ದೊಡ್ಡವನು, ಎದುರಿನಿಂದ ಲಾರಿ ಬರಲಿಲ್ಲ. ಗಾಡಿ ರಸ್ತೆ ದಾಟಿ ಎಡಗಡೆಯ ಬಂಡೆಗೆ ಮೈ ಉಜ್ಜಿಕೊಂಡು, ಕಿರುಚಿಕೊಂಡು, ಒಂದು ಫರ್ಲಾಂಗು ಹೋಗಿ ನಿಂತಿತು.

ಕೆಳಗೆ ಹೊಳೆಯ ಸದ್ದು ಮಾತ್ರ.

ರೂಬೆರ್ ಬಾಗಿಲು ತೆಗೆದು ಕುಂಟುತ್ತ ಮೇಲಕ್ಕೆ ಓಡಿದ. ಓಡಲಿ ಬಿಡಿ ಅಂದುಕೊಂಡೆ. ಆ ದಾರಿಯಲ್ಲಿ ಓಡಲು ಎರಡೇ ದಿಕ್ಕು. ಮೇಲೆ ಒಂದು ಪೊಲೀಸ್ ಚೌಕಿ, ಕೆಳಗೆ ಒಂದು.

ಗ್ಲಿಸೇರಿಯೊನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಇಳಿದು ಬಲಗಡೆಯ ಚಕ್ರ ನೋಡಿದ. ತಂತಿ ಎದ್ದ ಬರೀ ಅಸ್ಥಿಪಂಜರ ಉಳಿದಿತ್ತು. ಹಿಂದೆ ರಸ್ತೆಯಲ್ಲಿ ಮೇಲಿನ ಪದರ ಉದ್ದಕ್ಕೆ ಬಿದ್ದಿತ್ತು. ನಡೆದು ಹೋಗಿ ಅದನ್ನು ಎತ್ತಿಕೊಂಡ. ರಸ್ತೆಯ ನಡುವೆಯೇ ಕೂತು ತೊಡೆಯ ಮೇಲೆ ಹಾಸಿಕೊಂಡ. ಗೀರುಗಳೆಲ್ಲ ಹಾಗೇ ಇದ್ದವು. ಪಾಲಿಶ್ ಕೂಡ ಹೊಳೆಯುತ್ತಿತ್ತು.

"ಒಂದಿನಾನೂ ಓಡಿಸ್ಲಿಲ್ಲ ತಂಗೀ," ಅಂದ. "ಪ್ರತಿ ಹಬ್ಬಕ್ಕೂ ನಾನೇ ಉಜ್ತಿದ್ದೆ."

"ಗೊತ್ತು."

"ಹಾಗಾದ್ರೆ ಸೋಸಿಮೊ ನಿದ್ದೆ ಮಾಡಿರ್ಲಿಲ್ವಾ?"

"ಇಲ್ಲ."

"ಟೀಚರ್ರು..."

ರಬ್ಬರಿನ ಮೇಲೆ ಹಣೆ ಇಟ್ಟ. ಅತ್ತ. ಐದು ನಿಮಿಷದ ಹಿಂದೆ ನನ್ನನ್ನು ಹೊಳೆಗೆ ತಳ್ಳಲು ಹೊರಟಿದ್ದವನು. ನನಗೆ ಅಯ್ಯೋ ಅನಿಸಿತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಲಗನ್ನು ಹುಡುಕಿ ಜೇಬಿಗೆ ಹಾಕಿಕೊಂಡು, ಪಕ್ಕೆ ಒತ್ತಿ ಹಿಡಿದು ಬಂಡೆಗೆ ಒರಗಿ ಕೂತೆ.

ದಾರಿಯಲ್ಲಿ ಹೋದ ಲಾರಿಯವನು ಫೋನ್ ಮಾಡಿದ್ದ. ಬಾಲ್ದೆಯೋನ್ ಮೋಟರ್‌ಸೈಕಲ್‌ನಲ್ಲಿ ಬಂದ. ಹಿಂದೆ ಕೂತಿದ್ದವನು ಕೈಕೋಳ ಹಾಕಿಸಿಕೊಂಡ ರೂಬೆರ್. ನಾನು ಹೇಳಿದ್ದನ್ನೆಲ್ಲ ಬಾಲ್ದೆಯೋನ್ ಕೇಳಿಸಿಕೊಂಡ. ಆಮೇಲೆ ಪೊಲೀಸ್ ಶಾಲೆಯಲ್ಲಿ ಕಲಿಸಿದ್ದನ್ನು ಮಾಡಿದ. ಅಳತೆ ಕಡ್ಡಿ ತೆಗೆದು ಉಳಿದ ಮೂರು ಟೈರಿಗೂ ಚುಚ್ಚಿ ನೋಡಿದ.

"ಏಳು ಮಿಲಿಮೀಟರ್ ಮೇಡಂ. ಟೈರು ಚೆನ್ನಾಗಿದೆ. ಓಡಿಸಿದವನ ತಪ್ಪು ಅಂತ ಬರೀಲಾ?"

ನಾನು ಅವನ ಕೈ ಹಿಡಿದು ಹೆಬ್ಬೆರಳಿನ ಉಗುರನ್ನು ಗೀರಿನೊಳಗೆ ಒತ್ತಿದೆ.

"ಕೆರಿ."

ಕೆರೆದ. ಬೆರಳು ನೋಡಿಕೊಂಡ.

"ಈಗ ಮಗ್ಗುಲಲ್ಲಿರೋ ಕೊನೇ ನಾಲ್ಕು ಅಂಕಿ ಓದು. ಜೋರಾಗಿ."

ಓದಿದ. ನಾನು ಬ್ಯಾಗಿನಿಂದ ಎರ್ಮೆಲಿಂದಾ ಕೊಟ್ಟ ಚೂರು ತೆಗೆದು ಪಕ್ಕದಲ್ಲಿಟ್ಟೆ. ಅವನು ಅದನ್ನೂ ಓದಿದ. ಆಮೇಲೆ ಪೆನ್ನನ್ನು ಜೇಬಿಗೆ ಹಾಕಿಕೊಂಡ.

"ಆ ಹೆಂಗಸು ಇದನ್ನ ತಂದಾಗ ಮನೆಗೆ ಹೋಗಮ್ಮ ಅಂದೋನು ನಾನೇ ಮೇಡಂ," ಅಂದ.

"ಗೊತ್ತು," ಎಂದೆ. ಗೊತ್ತಿರಲಿಲ್ಲ, ಅನುಮಾನವಿತ್ತು. ನನ್ನ ಮಟ್ಟಿಗೆ ಎರಡೂ ಒಂದೇ.

ಹನ್ನೊಂದು ಹೊಲಿಗೆ ಬಿತ್ತು.

ಶುಕ್ರವಾರ ವಿಚಾರಣೆ ಕಾಲು ಗಂಟೆಯಲ್ಲಿ ಮುಗಿಯಿತು. ಗ್ಲಿಸೇರಿಯೊ ಎಲ್ಲವನ್ನೂ ಒಪ್ಪಿಕೊಂಡ. ಕೊಲೆಯ ಕೇಸು ಬಿದ್ದುಹೋಯಿತು. ಸೋಸಿಮೊಗೆ ಬಾಡಿಗೆ ಟೈರಿನ ತಪ್ಪಿಗೆ ದಂಡ, ಎರಡು ವರ್ಷ ಲೈಸೆನ್ಸ್ ಇಲ್ಲ. ಅಷ್ಟೇ. ತಪಾಸಣೆ ಕೇಂದ್ರದವರನ್ನು ಯಾರೂ ಏನೂ ಕೇಳಲಿಲ್ಲ. ಅವರ ಪುಸ್ತಕದಲ್ಲಿ ಆಳಕ್ಕೆ ಒಂದು ಕಾಲಂ ಇತ್ತು, ವಯಸ್ಸಿಗೆ ಇರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಕೈಕೋಳ ತೆಗೆದಿದ್ದರು. ಎರ್ಮೆಲಿಂದಾ ಅವನ ಮಣಿಕಟ್ಟಿಗೆ ಎಣ್ಣೆ ಉಜ್ಜುತ್ತಿದ್ದಳು.

"ಹೆಸರು ನಾನು ಹೇಳ್ಲಿಲ್ಲ ತಾನೇ ಮೇಡಂ?" ಇದು ಅವನ ಮೊದಲ ಮಾತು.

"ಇಲ್ಲ. ರಿಜಿಸ್ಟರ್ ಹೇಳ್ತು."

ಎರ್ಮೆಲಿಂದಾ ಎಣ್ಣೆಯ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಟೈರು ಚೆನ್ನಾಗಿತ್ತು ಅಂತ ನಾನು ಮೊದಲಿಂದ್ಲೂ ಬಡ್ಕೊಂಡೆ. ಯಾರೂ ನಂಬ್ಲಿಲ್ಲ," ಅಂದ ಸೋಸಿಮೊ.

ಹೇಳದೇ ಬರಬಹುದಿತ್ತು. ಹೇಳಿದೆ. ವಾರ, ವರ್ಷ, ಪಾಲಿಶ್, ಬಿರುಕು, ಎಲ್ಲಾ. ಅವನು ಛಾವಣಿ ನೋಡುತ್ತ ಕೇಳಿದ.

"ಹಾಗಾದ್ರೆ ನನ್ನ ಬೋಳು ಟೈರಲ್ಲೇ ಹೋಗಿದ್ರೆ ಟೀಚರ್ ಉಳೀತಿದ್ರಾ ಮೇಡಂ?"

"ಅವತ್ತು ಮಳೆ ಇರ್ಲಿಲ್ಲ. ಉಳೀತಿದ್ರೇನೋ. ಮಳೆ ಬಂದ ದಿನ ಬೋಳು ಟೈರು ಜಾರಿ ಇನ್ನೊಬ್ಬರು ಹೋಗ್ತಿದ್ರು. ಅದು ಬೇರೆ ಲೆಕ್ಕ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಎದ್ದು ಬಂದೆ.

ವರದಿಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ. ನ್ಯಾಯಾಧೀಶರಿಗೆ ಹಿಡಿಸಲಿಕ್ಕಿಲ್ಲ ಅಂತ ಹೊಡೆದು ಹಾಕಿದೆ. ನಿಮಗೆ ಹೇಳಬಹುದು.

ಇಡೀ ವರ್ಷದಲ್ಲಿ ಸೋಸಿಮೊ ಕಾನೂನು ಕೇಳುವಷ್ಟು ಗೀರಿದ್ದ ಟೈರಿನಲ್ಲಿ ಗಾಡಿ ಓಡಿಸಿದ್ದು ಅದೊಂದೇ ದಿನ.